ಹಣ್ಣು-ಚೀಸ್ ಓಪನ್ ಸ್ಯಾಂಡ್‌ವಿಚ್: ಬ್ರೆಡ್ ಒದ್ದೆ ಆಗ್ದೆ, ಹಣ್ಣು ಜಾರ್ದೆ, ಬಾಯಿ ಕಹಿ ಆಗ್ದೆ ಮಾಡೋ ಕ್ರಮ

ಒಂದು ಬ್ರೆಡ್ಡು, ಮೇಲೆ ಚೀಸು, ಅದರ ಮೇಲೆ ಹಣ್ಣು, ಇಷ್ಟೇ ತಾನೇ ಅಂತ ಎಲ್ರೂ ಶುರು ಮಾಡ್ತಾರೆ, ಆಮೇಲೆ ಬರೋ ಕಂಪ್ಲೇಂಟ್ ನೋಡಿದ್ರೆ ಅವೇ ಮೂರು. ಬ್ರೆಡ್ ಮೆತ್ತಗಾಗಿ ಕೈಯಲ್ಲೇ ಬಗ್ಗಿ ಮುರೀತು, ಕಚ್ಚಿದ ತಕ್ಷಣ ಹಣ್ಣೆಲ್ಲ ಮಡಿಲಿಗೆ ಬಿತ್ತು, ಅನಾನಸ್ ಹಾಕಿದ್ದೆ ಕಹಿ ಹೊಡೀತಿದೆ. ಅನಾನಸ್ ಕಹಿ ಒಂದರ ಕಾರಣ ಬೇರೆ, ಅದಕ್ಕೆ ಆಮೇಲೆ ಬರ್ತೀನಿ. ಉಳಿದಿದ್ದೆಲ್ಲ ನೀರಿನ ಕಾಟ. ಹಣ್ಣಲ್ಲಿ ನೀರು, ಚೀಸಲ್ಲಿ ನೀರು, ಬಿಸಿ ಬ್ರೆಡ್ಡಿನ ಹಬೆಯಲ್ಲೂ ನೀರು. ಅದು ಬ್ರೆಡ್ಡಿಗೆ ಇಳೀದಂಗೆ ತಡೆಯೋದೇ ಇಲ್ಲಿರೋ ಕೆಲಸ, ಅದಕ್ಕೇ ಯಾವುದು ಮೊದಲು ಯಾವುದು ಆಮೇಲೆ ಅನ್ನೋದು ಇಷ್ಟು ಮುಖ್ಯ.

ನಾಲ್ಕು ಸ್ಲೈಸಿಗೆ ಲೆಕ್ಕ ಹೇಳ್ತಾ ಇದೀನಿ. ಚೀಸ್ ಮನೇಲೇ ಮಾಡ್ಕೊಂಡ್ರೆ ಎಲ್ಲ ಸೇರಿ ಒಂದು ಗಂಟೆ ಆಗತ್ತೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸುಮ್ನೆ ಕಾಯೋದೇ.

## ಮೊದಲು ಎಲ್ಲ ಎತ್ತಿಟ್ಕೊಳಿ

ಸಾಮಾನು: ಕಟ್ ಮಾಡದ ಇಡೀ ಬ್ರೆಡ್, ಒಂದು ಲೀಟರ್ ಹಾಲು, ಎರಡು ನಿಂಬೆಹಣ್ಣು, ಸ್ವಲ್ಪ ಬೆಣ್ಣೆ, ಉಪ್ಪು, ಕಾಳುಮೆಣಸು, ಜೇನುತುಪ್ಪ, ಯಾವುದಾದ್ರೂ ಒಂದು ಹಣ್ಣು ಅಥವಾ ಹೊಂದೋ ಎರಡು. ಮೂರು ನಾಲ್ಕು ಹಣ್ಣು ಸೇರಿಸಿದ್ರೆ ಅದು ಫ್ರೂಟ್ ಸಲಾಡ್ ಆಗತ್ತೆ, ಬೇಡ.

ಸಲಕರಣೆ: ಹಲ್ಲಿರೋ ಬ್ರೆಡ್ ಚಾಕು, ಚೂಪಾಗಿರೋ ಸಣ್ಣ ಚಾಕು, ದಪ್ಪ ತಳದ ಪಾತ್ರೆ, ಜರಡಿ, ತೆಳು ಕಾಟನ್ ಬಟ್ಟೆ (ಹಳೇ ಪಂಚೆ ತುಂಡು ಒಗೆದು ಬಿಸಿನೀರಲ್ಲಿ ಕುದಿಸಿದ್ರೆ ಸಾಕು, ಆದ್ರೆ ಸೋಪಿನ ವಾಸನೆ ಇರ್ಬಾರ್ದು, ಚೀಸ್ ಆ ವಾಸನೆ ಎಳ್ಕೊಳತ್ತೆ), ಕಬ್ಬಿಣದ ಕಾವಲಿ, ಹಪ್ಪಳ ಸುಡೋ ಜಾಲರಿ, ಒಣಗಿದ ಅಡುಗೆ ಬಟ್ಟೆ ಇಲ್ಲಾ ಟಿಶ್ಯೂ. ಜಾಲರಿ ಯಾಕೆ ಅಂತ ಬಿಟ್ಟುಬಿಡ್ತಾರೆ ಜನ, ಬಿಡಬೇಡಿ, ಟೋಸ್ಟ್ ಹಂತದಲ್ಲಿ ಅದರದ್ದೇ ಕೆಲಸ. ಟೋಸ್ಟರ್ ಇದ್ರೆ ಇರ್ಲಿ, ಇಲ್ದಿದ್ರೆ ಏನೂ ನಷ್ಟ ಇಲ್ಲ, ನಂಗೆ ಕಾವಲಿನೇ ಇಷ್ಟ.

## ಹಂತ 1: ಬ್ರೆಡ್ ತರುವಾಗಲೇ ಅರ್ಧ ಕೆಲಸ

ಪ್ಯಾಕೆಟ್ಟಲ್ಲಿ ಕಟ್ ಮಾಡಿ ಬರೋ ಬ್ರೆಡ್ ತುಂಬಾ ತೆಳು, ಅದು ಎರಡು ಸೇರಿಸಿ ಮುಚ್ಚಿ ತಿನ್ನೋ ಸ್ಯಾಂಡ್‌ವಿಚ್ಚಿಗೆ ಸರಿ. ಓಪನ್ ಸ್ಯಾಂಡ್‌ವಿಚ್ಚಲ್ಲಿ ಒಂದೇ ಸ್ಲೈಸ್ ಇಡೀ ಭಾರ ಹೊರಬೇಕು, ಅದಕ್ಕೆ ಒಂದೂವರೆ ಸೆಂಟಿಮೀಟರ್ ದಪ್ಪ ಬೇಕು, ಅಂದ್ರೆ ಹೆಚ್ಚುಕಮ್ಮಿ ನಿಮ್ಮ ಕಿರುಬೆರಳಿನ ದಪ್ಪ. ಹಾಸನದ ಕಡೆಯೋರಿಗೆ ಅಯ್ಯಂಗಾರ್ ಬೇಕರಿ ಬಗ್ಗೆ ಬೇರೆ ಹೇಳ್ಕೊಡೋ ಅಗತ್ಯ ಇಲ್ಲ, ಅಲ್ಲಿ ಹೋಗಿ "ಅಣ್ಣ, ಕಟ್ ಮಾಡ್ಬೇಡಿ, ಇಡೀ ಕೊಡಿ" ಅಂದ್ರೆ ಆಯ್ತು. ಸಿಹಿ ಬ್ರೆಡ್, ಟೂಟಿ ಫ್ರೂಟಿ ಇರೋ ಬ್ರೆಡ್ ಬೇಡ, ಅದರಲ್ಲಿ ಸಕ್ಕರೆ ಜಾಸ್ತಿ, ಒಳಗೆ ಗರಿ ಆಗೋ ಮುಂಚೆ ಹೊರಗೆ ಕಪ್ಪಾಗತ್ತೆ. ಗೋಧಿ ಬ್ರೆಡ್ ಆಗತ್ತೆ, ಆದ್ರೆ ಉದುರೋ ಥರದ್ದು ತಗೋಬೇಡಿ.

ಆವತ್ತೇ ಬೆಂದ ಬ್ರೆಡ್ ಬೇಡ. ಬಿಸಿ ಬಿಸಿ ತಾಜಾ ಬ್ರೆಡ್ ಕಟ್ ಮಾಡೋಕೆ ಹೋದ್ರೆ ಅಪ್ಪಚ್ಚಿ ಆಗತ್ತೆ, ಒಳಗಿನ ತೇವ ಹೋಗಿರಲ್ಲ. ಹಿಂದಿನ ದಿನದ್ದು ಬೆಸ್ಟ್. ಆದ್ರೆ ಇದು ಬೇಸಿಗೆ ಮಾತು. ಜುಲೈ ಆಗಸ್ಟಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಇರೋರಿಗೆ ಗೊತ್ತು, ಬ್ರೆಡ್ ಹೊರಗಿಟ್ರೆ ಬೂಷ್ಟು ಬರೋಕೆ ಜಾಸ್ತಿ ಹೊತ್ತು ಬೇಕಾಗಲ್ಲ. ಆ ಟೈಮಲ್ಲಿ ತಂದ ದಿನವೇ ಸ್ಲೈಸ್ ಮಾಡಿ, ಕವರ್‌ನ ಗಾಳಿ ತೆಗೆದು, ಫ್ರೀಜರಿಗೆ ಹಾಕಿ, ಬೇಕಾದಾಗ ಹಾಗೇ ತೆಗೆದು ಕಾವಲಿ ಮೇಲೆ ಇಟ್ರೆ ಆಯ್ತು. ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ರೆ ಬೂಷ್ಟು ತಡವಾಗಿ ಬರತ್ತೆ ನಿಜ, ಆದ್ರೆ ಬ್ರೆಡ್ ಬೇಗ ಒರಟಾಗತ್ತೆ.

ಎಚ್ಚರಿಕೆ: ಒಂದು ಮೂಲೇಲಿ ಹಸಿರೋ ಬಿಳೀದೋ ಚುಕ್ಕಿ ಕಂಡ್ರೆ ಅಷ್ಟು ಕಿತ್ತು ಮಿಕ್ಕಿದ್ದು ತಿನ್ನೋಣ ಅನ್ಬೇಡಿ. ಬ್ರೆಡ್ ಮೆತ್ತನೆ ಪದಾರ್ಥ, ಬೂಷ್ಟಿನ ಎಳೆ ಕಣ್ಣಿಗೆ ಕಾಣೋ ಮುಂಚೆನೇ ಒಳಗೆ ಹರಡಿರತ್ತೆ. ಇಡೀ ಬ್ರೆಡ್ ಬಿಸಾಕಿ.

## ಹಂತ 2: ಚೀಸ್, ಜಾಸ್ತಿ ಜನ ಎಡವೋದು ಇಲ್ಲೇ

ಮೂರು ದಾರಿ ಇದೆ, ಮೂರರಲ್ಲೂ ಕೆಡೋದು ಬೇರೆ ಬೇರೆ ಜಾಗದಲ್ಲಿ.

### ಮನೇಲಿ ಹಾಲು ಒಡೆದು ಮಾಡೋ ಮೆತ್ತನೆ ಚೀಸ್

ನನ್ನ ವೋಟು ಇದಕ್ಕೆ. ಹಾಲು ಗಟ್ಟಿ ಇರ್ಬೇಕು. ನಂದಿನಿ ಆದ್ರೆ ನೀಲಿ ಪ್ಯಾಕೆಟ್ ಟೋನ್ಡ್ ಹಾಲಲ್ಲಿ ಕೊಬ್ಬು 3 ಪರ್ಸೆಂಟ್, ಅದರಲ್ಲಿ ಮಾಡಿದ್ರೆ ಚೀಸ್ ಕಮ್ಮಿ ಬರತ್ತೆ, ಒಣ ಒಣ ಅನ್ಸತ್ತೆ. ಶುಭಂ 4.5, ಸಮೃದ್ಧಿ 6 ಪರ್ಸೆಂಟ್, ಇವೆರಡರಲ್ಲಿ ಯಾವ್ದಾದ್ರೂ ಆಗತ್ತೆ. ಮನೆ ಹಸುವಿನ ಹಾಲಿದ್ರೆ ಇನ್ನೂ ಒಳ್ಳೇದು, ಕೆನೆ ತೆಗೀಬೇಡಿ ಅಷ್ಟೇ.

ಹಾಲು ಉಕ್ಕಿ ಬರೋ ತನಕ ಕಾಯಿಸಿ, ಸ್ಟವ್ ಆಫ್ ಮಾಡಿ, ಒಂದೆರಡು ನಿಮಿಷ ಬಿಡಿ. ಎರಡು ದೊಡ್ಡ ಚಮಚ ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ, ಒಂದೊಂದೇ ಚಮಚ ಹಾಕ್ತಾ ನಿಧಾನಕ್ಕೆ ಕೈಯಾಡ್ಸಿ. ಜೋರಾಗಿ ತಿರುವಬೇಡಿ, ಗಡ್ಡೆ ಪುಡಿಪುಡಿ ಆಗತ್ತೆ. ನೋಡ್ಬೇಕಾಗಿದ್ದು ನೀರಿನ ಬಣ್ಣ. ಹಾಲಿನ ಥರ ಬೆಳ್ಳಗಿದ್ರೆ ಇನ್ನೂ ಒಡೆದಿಲ್ಲ, ಇನ್ನೊಂದು ಚಮಚ ರಸ ಹಾಕಿ. ತಿಳಿ ಹಸಿರು ಹಳದಿ ಬಣ್ಣ ಬಂತಾ, ಅಲ್ಲಿಗೇ ನಿಲ್ಸಿ, ಮಿಕ್ಕ ನಿಂಬೆರಸ ಹಾಕಲೇಬೇಕು ಅಂತಿಲ್ಲ. ಒಡೆದ ಮೇಲೂ ಕುದಿಸ್ತಾನೇ ಇರ್ತಾರೆ ಕೆಲವ್ರು, ಆಗ ಚೀಸ್ ರಬ್ಬರ್ ಆಗಿ ಹಲ್ಲಿಗೆ ಕಿರ್ ಕಿರ್ ಅನ್ನತ್ತೆ.

ಬಟ್ಟೆ ಹಾಕಿದ ಜರಡಿಗೆ ಸುರಿದು, ಮೇಲೆ ಒಂದು ಲೋಟ ತಣ್ಣೀರು ಹಾಕಿ, ಹುಳಿ ಹೋಗತ್ತೆ. ಇಪ್ಪತ್ತು ನಿಮಿಷ ಹಾಗೇ ಬಿಡಿ. ಪನೀರ್ ಮಾಡುವಾಗ ಇಡೋ ಹಾಗೆ ಮೇಲೆ ಗುಂಡುಕಲ್ಲು ಹೇರ್ಬೇಡಿ, ನಮಗೆ ಬೇಕಾಗಿರೋದು ಸವರೋಕೆ ಬರೋ ಚೀಸು, ಕತ್ತರಿಸೋ ಪನೀರ್ ಅಲ್ಲ. ಒಂದು ಲೀಟರಿಗೆ ಸುಮಾರು 200 ಗ್ರಾಂ ಸಿಗತ್ತೆ. ಅದಕ್ಕೆ ಕಾಲು ಟೀ ಚಮಚ ಉಪ್ಪು, ಮೇಲೊಂದು ಚಿಟಿಕೆ, ಹಾಕಿ ಅಂಗೈ ಬುಡದಿಂದ ತಟ್ಟೆ ಮೇಲೆ ಐದು ನಿಮಿಷ ಉಜ್ಜಿ. ಮಿಕ್ಸಿಗೆ ಹಾಕೋದಾದ್ರೆ ಎರಡು ಮೂರು ಸಲ ಸುಮ್ನೆ ತಿರುಗಿಸಿ ನಿಲ್ಸಿ, ಓಡಿಸ್ತಾ ಹೋದ್ರೆ ಬೆಣ್ಣೆ ಬಿಟ್ಟು ಜಿಗುಟಾಗತ್ತೆ. ತುಂಬಾ ಒಣಗಿದೆ ಅನ್ಸಿದ್ರೆ ಒಡೆದ ನೀರು ಒಂದು ಚಮಚ ವಾಪಸ್ ಸೇರಿಸಿ, ಕೆನೆ ಇದ್ರೆ ಇನ್ನೂ ಚೆಂದ.

ಇಲ್ಲಿ ಒಂದು ಪರೀಕ್ಷೆ ಇದೆ, ದಯವಿಟ್ಟು ಮಾಡಿ. ಒಂದು ಚಮಚ ಚೀಸ್ ತೆಗೆದು ಟಿಶ್ಯೂ ಮೇಲಿಟ್ಟು ಐದು ನಿಮಿಷ ಬಿಡಿ. ಚೀಸಿನ ಸುತ್ತ ನೀರಿನ ಉಂಗುರ ಅಗಲ ಆಗ್ತಾ ಹೋದ್ರೆ ನಿಮ್ಮ ಬ್ರೆಡ್ಡಲ್ಲಿ ಆಗೋದೂ ಅದೇ, ಇನ್ನೂ ಹತ್ತು ನಿಮಿಷ ಬಟ್ಟೇಲಿ ಕಟ್ಟಿ ನೇತಾಕಿ. ಉಂಗುರ ಚೀಸಿನ ಅಂಚಲ್ಲೇ ನಿಂತ್ರೆ ರೆಡಿ. ಚಮಚ ತಲೆಕೆಳಗೆ ಮಾಡಿದ್ರೂ ಬೀಳ್ಬಾರ್ದು.

ಒಡೆದ ನೀರು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸೋಕೆ ಇಲ್ಲಾ ತಿಳಿಸಾರಿಗೆ ಹಾಕಿ.

### ಮೊಸರು ಕಟ್ಟಿ ಮಾಡೋದು

ಹಾಲು ಒಡೆಯೋದು ಬೇಜಾರಾದ್ರೆ ಅರ್ಧ ಲೀಟರ್ ಗಟ್ಟಿ ಮೊಸರನ್ನ ಬಟ್ಟೇಲಿ ಕಟ್ಟಿ, ಜರಡಿ ಮೇಲಿಟ್ಟು, ಕೆಳಗೆ ಬಟ್ಟಲಿಟ್ಟು, ರಾತ್ರಿಯಿಡೀ ಫ್ರಿಜ್ಜಲ್ಲಿಡಿ. ಅಡುಗೆಮನೆ ನಲ್ಲಿಗೆ ನೇತಾಕ್ಬೇಡಿ, ಹೊರಗಿದ್ದಷ್ಟೂ ಹುಳಿ ಏರ್ತಾ ಹೋಗತ್ತೆ. ಹುಳಿ ಮೊಸರಲ್ಲಿ ಮಾಡಿದ್ರೆ ಕಿತ್ತಳೆ, ಅನಾನಸ್ ಜೊತೆ ಹುಳಿ ಮೇಲೆ ಹುಳಿ ಆಗತ್ತೆ, ಬಾಳೆಹಣ್ಣು ಮಾವಿನಹಣ್ಣಿಗೆ ಮಾತ್ರ ಹೊಂದತ್ತೆ. ಇದು ಎಷ್ಟು ಕಟ್ಟಿದ್ರೂ ಹಾಲಿನ ಚೀಸಿಗಿಂತ ಒದ್ದೆನೇ, ಹಾಗಾಗಿ ಮಾಡಿದ ಕೂಡ್ಲೇ ತಿನ್ನೋರಿಗೆ ಮಾತ್ರ.

### ಅಂಗಡಿ ಚೀಸ್

ಕ್ರೀಮ್ ಚೀಸ್ ಸಿಕ್ಕಿದ್ರೆ ನೇರವಾಗಿ ಸವರಬಹುದು, ಇಪ್ಪತ್ತು ನಿಮಿಷ ಮುಂಚೆ ಫ್ರಿಜ್ಜಿಂದ ಹೊರಗಿಡಿ, ತಣ್ಣಗಿರೋದನ್ನ ಸವರೋಕೆ ಹೋದ್ರೆ ಬ್ರೆಡ್ಡೇ ಕಿತ್ತು ಬರತ್ತೆ. ಕ್ಯೂಬ್, ಸ್ಲೈಸ್ ಥರದ ಪ್ರೋಸೆಸ್ಡ್ ಚೀಸಲ್ಲಿ ಉಪ್ಪು ಮೊದಲೇ ಇರತ್ತೆ, ಮತ್ತೆ ಹಾಕ್ಬೇಡಿ, ಕ್ಯೂಬನ್ನ ತಣ್ಣಗಿದ್ದಾಗಲೇ ತುರೀರಿ. ಪಿಜ್ಜಾಗೆ ಅಂತ ತಂದ ಮೊಝರೆಲ್ಲಾ ತುರಿ ಕರಗಿಸ್ದೆ ಹಾಕಿದ್ರೆ ರಬ್ಬರ್ ಚೂರು ತಿಂದಂಗಿರತ್ತೆ, ಅದನ್ನ ಬ್ರೆಡ್ ಮೇಲೆ ಹಾಕಿ, ಕಾವಲಿ ಮೇಲೆ ಸಣ್ಣ ಉರೀಲಿ ಮುಚ್ಚಳ ಮುಚ್ಚಿ ಎರಡು ನಿಮಿಷ ಕರಗಿಸಿ, ಆಮೇಲೆ ಹಣ್ಣು. ಪ್ಯಾಕೆಟ್ ಮೇಲೆ ಅನಲಾಗ್ ಅಂತ ಇದ್ರೆ ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಇರ್ಬಹುದು, ಹಿಂದಿರೋ ಪಟ್ಟಿ ಒಂದ್ಸಲ ಓದಿ ತಗೊಳಿ.

## ಹಂತ 3: ಹಣ್ಣು ಆರಿಸಿ, ಕತ್ತರಿಸಿ, ಒಣಗಿಸಿ

ಈ ಹಂತಾನ ಚೀಸ್ ಸೋರ್ತಾ ಇರುವಾಗ ಮಾಡ್ಕೊಳಿ. ಹಣ್ಣು ಮೊದಲು ಇಡಿಯಾಗಿ ತೊಳೀಬೇಕು, ಒರೆಸ್ಬೇಕು, ಆಮೇಲೆ ಕತ್ತರಿಸ್ಬೇಕು. ಕತ್ತರಿಸಿ ತೊಳೆದ್ರೆ ನೀರು ಒಳಗೆ ಹೋಗಿ ಕೂರತ್ತೆ. ಕತ್ತರಿಸಿದ ಮೇಲೆ ಒಣ ಬಟ್ಟೆ ಮೇಲೆ ಒಂದೇ ಪದರ ಹರಡಿ, ಹತ್ತು ನಿಮಿಷ ಬಿಟ್ಟು, ಮಗುಚಿ ಹಾಕಿ. ಉಪ್ಪು, ಸಕ್ಕರೆ, ಜೇನು ಯಾವುದೂ ಈಗ ಬೇಡ! ಹಣ್ಣಿಗೆ ಉಪ್ಪೋ ಸಕ್ಕರೆಯೋ ತಾಗಿದ ಕೂಡ್ಲೇ ಅದು ಒಳಗಿನ ನೀರನ್ನ ಹೊರಗೆ ಎಳೆಯತ್ತೆ, ಉಪ್ಪು ಹಾಕಿದ ಸೌತೆಕಾಯಿ ನೀರು ಬಿಡೋದು ನೋಡಿರ್ತೀರಲ್ಲ, ಕಾರಣ ಅದೇನೇ. ಹಣ್ಣಿಗೆ ಮೊದಲೇ ಚಾಟ್ ಮಸಾಲ ಉದುರಿಸಿಟ್ಟು ಆಮೇಲೆ ಬ್ರೆಡ್ ಒದ್ದೆ ಆಯ್ತು ಅಂತ ಕೇಳೋರು ಬಹಳ ಜನ.

ಒಂದೊಂದು ಹಣ್ಣಿನ ಸ್ವಭಾವ ಬೇರೆ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಸಿಗೋದನ್ನೇ ಹೇಳ್ತೀನಿ.

ಚಕ್ಕೋತ. ಈ ಸ್ಯಾಂಡ್‌ವಿಚ್ಚಿಗೆ ಇದಕ್ಕಿಂತ ಒಳ್ಳೇ ಹಣ್ಣಿಲ್ಲ, ಯಾರೂ ಯೋಚನೆ ಮಾಡಲ್ಲ ಅಷ್ಟೇ. ಹಿತ್ತಲಲ್ಲಿ ಬಿದ್ದು ಹಾಳಾಗತ್ತೆ ಎಷ್ಟೋ ಮನೆಗಳಲ್ಲಿ. ತೊಳೆ ಬಿಡಿಸಿ, ಮೇಲಿನ ಬಿಳಿ ಸಿಪ್ಪೆ ಪೂರ್ತಿ ತೆಗೆದ್ರೆ (ಕಹಿ ಇರೋದು ಅದರಲ್ಲೇ) ಒಳಗಿನ ರಸದ ಎಳೆಗಳು ಒಂದೊಂದೂ ಬಿಡಿಬಿಡಿಯಾಗಿ ಉದುರತ್ತೆ, ಒಡೆಯಲ್ಲ, ಸೋರಲ್ಲ, ಬಾಯಲ್ಲಿ ಕಚ್ಚಿದಾಗಲೇ ರಸ ಬರೋದು.

ಕಿತ್ತಳೆ. ನಾರು, ಬೀಜ, ತೊಳೆ ಮೇಲಿನ ತೆಳು ಪೊರೆ ಮೂರೂ ತೆಗೀಬೇಕು. ಪೊರೆ ಬಿಟ್ರೆ ಕಚ್ಚಿದಾಗ ತುಂಡಾಗ್ದೆ ಇಡೀ ತೊಳೆ ಎಳ್ಕೊಂಡು ಬರತ್ತೆ, ಹಿಂದೆ ಚೀಸೂ ಬರತ್ತೆ. ಪೊರೆ ತೆಗೆದ ಮೇಲೆ ಬಟ್ಟೆ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಬಿಡಿ.

ಬಟರ್ ಫ್ರೂಟ್. ಕಾಫಿ ತೋಟದ ಬದಿ ಮನೆಗಳಲ್ಲಿ ಇದಕ್ಕೆ ಬರ ಇಲ್ಲ. ತೊಟ್ಟಿನ ಮೊಳೆ ಬೆರಳಲ್ಲಿ ತಳ್ಳಿ ನೋಡಿ, ಸುಲಭವಾಗಿ ಬಂದು ಕೆಳಗೆ ಹಸಿರು ಕಂಡ್ರೆ ಸರಿಯಾದ ಹದ, ಕಂದು ಕಂಡ್ರೆ ಒಳಗೆ ಕೆಟ್ಟಿರೋ ಸಾಧ್ಯತೆ ಜಾಸ್ತಿ, ಬರಲೇ ಇಲ್ಲ ಅಂದ್ರೆ ಕಾಯಿ. ಕಾಯಿನ ಫ್ರಿಜ್ಜಲ್ಲಿಟ್ರೆ ಹಣ್ಣಾಗೋದು ನಿಧಾನ, ಪೇಪರಲ್ಲಿ ಸುತ್ತಿ ಬಾಳೆಹಣ್ಣಿನ ಜೊತೆ ಹೊರಗಿಡಿ. ಕತ್ತರಿಸಿದ ಕೂಡ್ಲೇ ನಿಂಬೆರಸ ಸವರಿ, ಇಲ್ದಿದ್ರೆ ಗಾಳಿ ತಾಗಿ ಕಪ್ಪಾಗತ್ತೆ. ಇದಕ್ಕೆ ಜೇನು ಬೇಡ, ಮೆಣಸು, ಉಪ್ಪು, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ. ಸಿಹಿ ಅಂದ್ರೆ ಮುಖ ಸಿಂಡರಿಸೋ ಅಪ್ಪ, ಮಾವಂದ್ರು ಮನೇಲಿದ್ರೆ ಅವರಿಗೆ ಇದೇ ಮಾಡ್ಕೊಡಿ.

ಅನಾನಸ್. ಕಹಿ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಸಿ ಅನಾನಸಲ್ಲಿ ಬ್ರೊಮೆಲೈನ್ ಅನ್ನೋ ಕಿಣ್ವ ಇರತ್ತೆ, ಅದು ಪ್ರೋಟೀನನ್ನ ತುಂಡು ಮಾಡತ್ತೆ. ಹಾಲಿನ ಪ್ರೋಟೀನ್ ತುಂಡಾದಾಗ ಬರೋ ರುಚಿ ಕಹಿ. ಹಾಕಿದ ತಕ್ಷಣ ತಿಂದ್ರೆ ಗೊತ್ತಾಗಲ್ಲ, ಕಾಲು ಗಂಟೆ ಬಿಟ್ರೆ ಗೊತ್ತಾಗತ್ತೆ, ಚೀಸೂ ನೀರು ನೀರಾಗತ್ತೆ. ಅದಕ್ಕೆ ಹಣ್ಣು ಹಳೇದು, ಹಾಲು ಸರಿ ಇಲ್ಲ ಅಂತ ಬೈದು ಪ್ರಯೋಜನ ಇಲ್ಲ. ಬಿಸಿಗೆ ಆ ಕಿಣ್ವ ಸಾಯತ್ತೆ, ಹಾಗಾಗಿ ಒಂದು ಸೆಂಟಿಮೀಟರ್ ದಪ್ಪದ ತುಂಡು ಮಾಡಿ, ಕಾದ ಕಾವಲಿ ಮೇಲೆ ಒಂದೊಂದು ಕಡೆ ಎರಡು ಮೂರು ನಿಮಿಷ, ಅಂಚು ಕೆಂಪಗಾಗೋ ತನಕ, ಒಳಗೂ ಚೆನ್ನಾಗಿ ಬಿಸಿ ಏರೋ ಹಾಗೆ ಸುಡಿ, ಪೂರ್ತಿ ಆರಿದ ಮೇಲೆ ಹಾಕಿ. ನೀರೂ ಹೋಗತ್ತೆ, ಸಿಹಿನೂ ಏರತ್ತೆ. ಕಿವಿ ಹಣ್ಣಿಗೂ ಇದೇ ತೊಂದರೆ ಇದೆ, ಅದನ್ನ ಸುಟ್ರೆ ಚೆನ್ನಾಗಿರಲ್ಲ, ಹಾಕಿದ ಕೂಡ್ಲೇ ತಿಂದ್ಬಿಡಿ. ಪರಂಗಿ ಪೂರ್ತಿ ಹಣ್ಣಾಗಿದ್ರೆ ಪರವಾಗಿಲ್ಲ, ಹಾಲು ಬಿಡೋ ದೋರೆಗಾಯಿ ಬೇಡ.

ಬಾಳೆ. ಏಲಕ್ಕಿ ಬಾಳೆ, ಗಟ್ಟಿ ಇರೋದು. ಕೊನೇ ನಿಮಿಷದಲ್ಲಿ ಕತ್ತರಿಸಿ. ಪಚ್ಚಬಾಳೆ ಬೇಗ ಕಿವುಚಿಹೋಗತ್ತೆ.

ಮಾವು. ಬಾದಾಮಿ ಸರಿ, ರಸಪುರಿ ಬೇಡ, ಅದು ಕೈಯೆಲ್ಲ ರಸ ಸುರಿಸ್ಕೊಂಡು ತಿನ್ನೋ ಹಣ್ಣು, ಬ್ರೆಡ್ ಮೇಲೆ ಇಟ್ಟು ಅದಕ್ಕೆ ಅವಮಾನ ಮಾಡ್ಬೇಡಿ.

ಸೀಬೆ, ಸೇಬು. ಬೀಜದ ಭಾಗ ತೆಗೆದು, ಎರಡು ಮೂರು ಮಿಲಿಮೀಟರ್ ತೆಳುವಾಗಿ. ದಪ್ಪ ಆದ್ರೆ ಕಚ್ಚುವಾಗ ಬ್ರೆಡ್ ಮೊದಲು ಮುರಿಯತ್ತೆ. ಸೇಬಿಗೆ ನಿಂಬೆರಸ ಸವರಿ.

ಹಲಸು. ಬಕ್ಕೆ ಹಲಸಾದ್ರೆ ಸಣ್ಣಗೆ ಸೀಳಿ ಹಾಕಬಹುದು, ಆದ್ರೆ ಅದರ ಘಮದ ಮುಂದೆ ಚೀಸಿನ ಸುದ್ದಿನೇ ಇರಲ್ಲ. ಮೆತ್ತನೆ ಹಲಸು ಆಗೋದೇ ಇಲ್ಲ.

ಪ್ಯಾಷನ್ ಫ್ರೂಟ್. ಇದನ್ನ ಹಣ್ಣು ಅಂತ ಲೆಕ್ಕ ಹಾಕ್ಬೇಡಿ, ತಿನ್ನೋ ಹೊತ್ತಿಗೆ ಒಂದು ಚಮಚ ಮೇಲೆ ಹಾಕೋ ರಸ ಅಂತ ಇಟ್ಕೊಳಿ.

ಕಲ್ಲಂಗಡಿ ಬೇಡ. ಹತ್ತರಲ್ಲಿ ಒಂಬತ್ತು ಪಾಲು ನೀರೇ ಅದು, ಎಷ್ಟು ಒರೆಸಿದ್ರೂ ಬಿಡ್ತಾನೇ ಇರತ್ತೆ.

ಕೊಳ್ಳುವಾಗ ಒಂದು ಮಾತು, ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಲ್ಲಾಗ್ಲಿ ಚಿಕ್ಕಮಗಳೂರಿನ ಸಂತೇಲಾಗ್ಲಿ, ಇವತ್ತೇ ತಿನ್ನೋ ಹದಕ್ಕಿಂತ ಒಂದು ದಿನ ಗಟ್ಟಿ ಇರೋದನ್ನ ಆರಿಸಿ. ತುಂಬಾ ಕಳಿತ ಹಣ್ಣು ಜ್ಯೂಸಿಗೆ ಇರ್ಲಿ.

## ಹಂತ 4: ಟೋಸ್ಟ್ ಮಾಡಿ, ಆಮೇಲೆ ಆರಿಸಿ

ಟೋಸ್ಟ್ ಮಾಡೋದು ಎಲ್ರೂ ಮಾಡ್ತಾರೆ, ಆರಿಸೋದು ಯಾರೂ ಮಾಡಲ್ಲ.

ಕಾವಲಿ ಕಾಯಿಸಿ, ಉರಿ ಸಣ್ಣ ಮಾಡಿ, ಎಣ್ಣೆ ಬೆಣ್ಣೆ ಏನೂ ಹಾಕ್ದೆ ಸ್ಲೈಸ್ ಇಡಿ. ಒಂದೊಂದು ಕಡೆ ಮೂರು ನಾಲ್ಕು ನಿಮಿಷ. ಉರಿ ಜೋರು ಮಾಡಿದ್ರೆ ಒಂದೇ ನಿಮಿಷದಲ್ಲಿ ಬಣ್ಣ ಬಂದು ಆಯ್ತು ಅನ್ಸತ್ತೆ, ಒಳಗೆ ಹತ್ತಿ ಥರ ಮೆತ್ತಗೇ ಇರತ್ತೆ. ಬೆರಳಲ್ಲಿ ತಟ್ಟಿದ್ರೆ ಟಕ್ ಟಕ್ ಅನ್ಬೇಕು, ಒಂದು ಮೂಲೆ ಹಿಡಿದು ಎತ್ತಿದ್ರೆ ಬಗ್ಗದೆ ನೇರ ನಿಲ್ಬೇಕು. ದೋಸೆ ಕಾವಲಿ ಆದ್ರೆ ಹಿಂದಿನ ಎಣ್ಣೆ, ಈರುಳ್ಳಿ ವಾಸನೆ ಇಲ್ಲದಂಗೆ ಒರೆಸ್ಕೊಳಿ, ಹಣ್ಣಿನ ಜೊತೆ ಅದು ಚೆನ್ನಾಗಿರಲ್ಲ.

ತೆಗೆದ ತಕ್ಷಣ ಸ್ಟೀಲ್ ತಟ್ಟೆ ಮೇಲೆ ಹಾಕ್ಬೇಡಿ. ಬೇಕಾದ್ರೆ ಒಂದು ಸ್ಲೈಸ್ ಹಾಕಿ ನೋಡಿ, ಒಂದು ನಿಮಿಷ ಬಿಟ್ಟು ಎತ್ತಿ, ತಟ್ಟೆ ಮೇಲೆ ಬ್ರೆಡ್ಡಿನದೇ ಆಕಾರದಲ್ಲಿ ಹಬೆ ಕೂತಿರತ್ತೆ, ಬೆರಳಲ್ಲಿ ಗೀಚಿದ್ರೆ ಹನಿ ಹನಿ. ಆ ನೀರು ಮತ್ತೆ ಬ್ರೆಡ್ಡಿಗೇ ಹೋಗೋದು, ಅದಕ್ಕೇ ಹಣ್ಣು ಇಡೋ ಮುಂಚೆನೇ ತಳ ಮೆತ್ತಗಾಗೋದು. ಜಾಲರಿ ಮೇಲಿಡಿ, ಇಲ್ಲಾ ಎರಡು ಸ್ಲೈಸನ್ನ ಒಂದಕ್ಕೊಂದು ಒರಗಿಸಿ ನಿಲ್ಸಿ. ಐದಾರು ನಿಮಿಷ ಸಾಕು. ಮಳೆಗಾಲದಲ್ಲಿ ಗಂಟೆಗಟ್ಟಲೆ ಬಿಟ್ರೆ ಗಾಳಿ ತೇವಕ್ಕೇ ಮೆತ್ತಗಾಗತ್ತೆ, ಅದನ್ನೂ ನೋಡ್ಕೊಳಿ.

## ಹಂತ 5: ಬೆಣ್ಣೆ ಗೋಡೆ

ಬ್ರೆಡ್ ಉಗುರು ಬೆಚ್ಚಗಿರುವಾಗ ಮೇಲ್ಭಾಗಕ್ಕೆ ಮಾತ್ರ ತೆಳ್ಳಗೆ ಬೆಣ್ಣೆ ಸವರಿ, ಸ್ಲೈಸಿಗೆ ಅರ್ಧ ಟೀ ಚಮಚದಷ್ಟು, ಅಂಚಿನ ತನಕ. ಕೊಬ್ಬು ನೀರನ್ನ ಒಳಗೆ ಬಿಡಲ್ಲ. ಬ್ರೆಡ್ ಸುಡುಸುಡು ಇರುವಾಗ ಹಾಕಿದ್ರೆ ಬೆಣ್ಣೆ ಕರಗಿ ಒಳಗೆ ಇಳಿದುಹೋಗತ್ತೆ, ಮೇಲೆ ಗೋಡೆನೇ ಉಳಿಯಲ್ಲ. ಪೂರ್ತಿ ತಣ್ಣಗಾದ ಮೇಲೆ ಹಾಕಿದ್ರೆ ಸವರೋಕೆ ಬರಲ್ಲ. ಡಯಟ್ ಅಂತ ಬೆಣ್ಣೆ ಬಿಡೋರು ಬಿಡಬಹುದು, ಆದ್ರೆ ಐದೇ ನಿಮಿಷದಲ್ಲಿ ತಿಂದು ಮುಗಿಸ್ಬೇಕು.

## ಹಂತ 6: ಜೋಡಿಸೋದು

ಎಲ್ಲ ರೆಡಿ ಇದೆಯಾ, ತಿನ್ನೋರು ಹತ್ರ ಇದಾರಾ ನೋಡ್ಕೊಂಡು ಶುರು ಮಾಡಿ.

ಒಂದು ಸ್ಲೈಸಿಗೆ ಎರಡೂವರೆ ಮೂರು ದೊಡ್ಡ ಚಮಚ ಚೀಸ್. ಮಧ್ಯದಲ್ಲಿ ಗುಡ್ಡೆ ಮಾಡ್ಬೇಡಿ, ನಾಲ್ಕೂ ಅಂಚಿಗೆ ಎಳೀರಿ, ಅಂಚು ಖಾಲಿ ಬಿಟ್ರೆ ಹಣ್ಣಿನ ರಸ ಅಲ್ಲಿಂದಲೇ ಇಳಿಯತ್ತೆ. ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ದಪ್ಪ ಇರ್ಲಿ. ಚಮಚದ ಬೆನ್ನಲ್ಲಿ ಅಲ್ಲಲ್ಲಿ ಸ್ವಲ್ಪ ಒತ್ತಿ, ಸಣ್ಣ ಗುಳಿ ಆಗತ್ತೆ. ಹಣ್ಣು ಜಾರ್ದೆ ಕೂರೋದು ಈ ಗುಳಿಯಿಂದ.

ಹಣ್ಣನ್ನ ಮನೆಗೆ ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರೋ ಥರ ಜೋಡಿಸಿ, ಇಟ್ಟ ಮೇಲೆ ಅಂಗೈಯಿಂದ ಹಗುರಕ್ಕೆ ಒತ್ತಿ. ಒಂದೇ ಪದರ. ಎರಡನೇ ಪದರ ಹಾಕಿದ್ರೆ ಅದಕ್ಕೆ ಅಂಟೋಕೆ ಚೀಸ್ ಇಲ್ಲ, ಜಾರೋದೇ. ದ್ರಾಕ್ಷಿ ಇಡೀ ಹಾಕ್ಬೇಡಿ, ಸೀಳಿ, ಕತ್ತರಿಸಿದ ಭಾಗ ಕೆಳಗೆ ಬರ್ಬೇಕು. ಸಣ್ಣ ಮಕ್ಕಳಿಗೆ ಆದ್ರೆ ಉದ್ದುದ್ದಕ್ಕೆ ನಾಲ್ಕು ಸೀಳು ಮಾಡಿ, ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕೊಳೋ ಅಪಾಯ ಇದೆ.

ಕರುಂ ಅನ್ನೋದು ಏನಾದ್ರೂ ಬೇಕು, ಹುರಿದ ಕಡ್ಲೆಬೀಜ ಜಜ್ಜಿ ಹಾಕಿ, ಗೋಡಂಬಿ ಇಲ್ಲಾ ಹುರಿದ ಎಳ್ಳೂ ಆಗತ್ತೆ.

## ಹಂತ 7: ಕೊನೇ ಕೈ

ಇಲ್ಲಿಂದ ಬಾಯಿಗೆ ಎರಡು ನಿಮಿಷ ಇರುವಾಗ ಮಾತ್ರ ಇದನ್ನ ಮಾಡಿ. ಮೆಣಸು ಕುಟ್ಟಾಣೀಲಿ ಆಗಲೇ ಕುಟ್ಟಿ, ಒಂದು ಕಾಳು ನಾಲ್ಕೈದು ಚೂರಾಗ್ಬೇಕು, ಪುಡಿ ಆಗ್ಬಾರ್ದು. ಅಂಗಡಿಯ ಮೆಣಸಿನ ಪುಡಿ ಡಬ್ಬಿ ತೆಗೀಬೇಡಿ, ತೋಟದ ಮೆಣಸು ಬೆಳೆಯೋ ಊರಲ್ಲಿ ಕೂತು ಅದೆಲ್ಲ ಯಾಕೆ. ಒಂದು ಚಿಟಿಕೆ ಉಪ್ಪು, ಹಣ್ಣು ಸಪ್ಪೆ ಇದ್ರೆ ಅರ್ಧ ಟೀ ಚಮಚ ಜೇನು ಎಳೆಯಾಗಿ, ನಿಂಬೆ ಸಿಪ್ಪೆಯ ಹಳದಿ ಭಾಗ ಮಾತ್ರ ಸ್ವಲ್ಪ ತುರಿದು. ಪುದೀನ ಎಲೆ ಇದ್ರೆ ಎರಡು, ಒರೆಸಿ ಹಾಕಿ.

ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬೇಡಿ, ರುಚಿಗೂ ಬೇಡ. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾ ಬೀಜಾಣುಗಳಿಂದ ಅಷ್ಟು ಸಣ್ಣ ಮಕ್ಕಳಿಗೆ ಬಾಟುಲಿಸಂ ಅನ್ನೋ ಗಂಭೀರ ಕಾಯಿಲೆ ಬರೋ ಅಪಾಯ ಇದೆ.

## ಯಾವ ಕಾಂಬಿನೇಶನ್

ಚಕ್ಕೋತ, ಹಾಲಿನ ಚೀಸ್, ಮೆಣಸು, ಚೂರು ಜೇನು. ಸುಟ್ಟ ಅನಾನಸ್, ಹಾಲಿನ ಚೀಸ್, ಹಸಿಮೆಣಸಿನಕಾಯಿ. ಏಲಕ್ಕಿ ಬಾಳೆ, ಕಟ್ಟಿದ ಮೊಸರು, ಜೇನು, ಕಡ್ಲೆಬೀಜ. ತೆಳು ಸೇಬು ಕೆಳಗೆ, ಪ್ರೋಸೆಸ್ಡ್ ಚೀಸ್ ಮೇಲೆ, ಮುಚ್ಚಿ ಕರಗಿಸಿದ್ದು, ಇದೊಂದರಲ್ಲಿ ಹಣ್ಣು ಮೊದಲು ಚೀಸ್ ಆಮೇಲೆ, ಯಾಕಂದ್ರೆ ಕರಗಿದ ಚೀಸೇ ಹಣ್ಣನ್ನ ಹಿಡ್ಕೊಳತ್ತೆ. ಸೀಬೆಗೆ ಖಾರದ ಪುಡಿ ಹೊಂದೋ ಹಾಗೆ ಬೇರೆ ಯಾವುದಕ್ಕೂ ಹೊಂದಲ್ಲ.

## ಕೆಟ್ಟಾಗ ಎಲ್ಲಿ ನೋಡ್ಬೇಕು

ತಳ ಒದ್ದೆ, ಮೇಲ್ಭಾಗ ಸರಿ ಇದೆ ಅಂದ್ರೆ ಟೋಸ್ಟನ್ನ ತಟ್ಟೆ ಮೇಲೆ ಆರಿಸಿದೀರ. ಮೇಲ್ಭಾಗ ಒದ್ದೆ, ತಳ ಗರಿ ಅಂದ್ರೆ ಚೀಸ್ ಸರಿಯಾಗಿ ಸೋರಿಲ್ಲ ಇಲ್ಲಾ ಬೆಣ್ಣೆ ಹಾಕಿಲ್ಲ. ಅಂಚು ಮಾತ್ರ ಮೆತ್ತಗಾಗಿದ್ರೆ ಚೀಸ್ ಅಂಚಿಗೆ ಎಳೆದಿಲ್ಲ. ಹಣ್ಣಿನ ಸುತ್ತ ಚೀಸ್ ಮೇಲೆ ಬಣ್ಣದ ನೀರು ನಿಂತಿದ್ರೆ ಉಪ್ಪು ಜೇನು ಬೇಗ ಬಿದ್ದಿದೆ. ಚೀಸ್ ಮರಳು ಮರಳು ಅನ್ಸಿದ್ರೆ ಉಜ್ಜಿದ್ದು ಕಮ್ಮಿ, ಕಿರ್ ಕಿರ್ ಅಂದ್ರೆ ಕುದಿಸಿದ್ದು ಜಾಸ್ತಿ. ಎಲ್ಲ ಸರಿ ಇದ್ದೂ ಸಪ್ಪೆ ಅಂದ್ರೆ ಚೀಸಿಗೆ ಉಪ್ಪು ಮರೆತಿರ್ತೀರ, ಮೇಲೆ ಉದುರಿಸಿದ್ರೆ ಆ ಸಪ್ಪೆ ಹೋಗಲ್ಲ.

## ಎಷ್ಟು ಹೊತ್ತು ಇಡಬಹುದು

ಜೋಡಿಸಿದ ಮೇಲೆ ಹತ್ತು ನಿಮಿಷದಲ್ಲಿ ತಿನ್ನಿ, ಗರಿಗರಿ ಇರೋದು ಅಷ್ಟೇ ಹೊತ್ತು. ತಿನ್ನೋಕೆ ಸುರಕ್ಷಿತ ಅನ್ನೋ ಲೆಕ್ಕದಲ್ಲಿ ಹೊರಗೆ ಎರಡು ಗಂಟೆ, ಅದರ ಮೇಲೆ ಬೇಡ. ಮನೆ ಚೀಸ್ ಮುಚ್ಚಳ ಇರೋ ಡಬ್ಬೀಲಿ ಫ್ರಿಜ್ಜಲ್ಲಿ ಎರಡು ದಿನ, ಹೆಚ್ಚಂದ್ರೆ ಮೂರು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಯ್ತು, ಕರೆಂಟ್ ಇಲ್ಲ ಅಂದ್ರೆ ಫ್ರಿಜ್ ಬಾಗಿಲು ತೆಗೀದೆ ಇದ್ರೆ ನಾಲ್ಕು ಗಂಟೆ ತಣ್ಣಗಿರತ್ತೆ ಅಂತ ಇಟ್ಕೊಳಿ, ರಾತ್ರಿಯಿಡೀ ಕರೆಂಟ್ ಇರ್ಲಿಲ್ಲ ಅಂದ್ರೆ ಚೀಸ್ ಎಸೀರಿ, ವಾಸನೆ ನೋಡಿ ತೀರ್ಮಾನ ಮಾಡೋ ವಿಷಯ ಅಲ್ಲ ಅದು. ಲೋಳೆ, ಗುಲಾಬಿ ಅಥವಾ ಹಳದಿ ಕಲೆ ಕಂಡ್ರಂತೂ ಮಾತೇ ಇಲ್ಲ.

## ಟಿಫನ್ ಬಾಕ್ಸಿಗೆ, ಟೂರಿಗೆ, ನೆಂಟರಿಗೆ

ಜೋಡಿಸಿ ಪ್ಯಾಕ್ ಮಾಡಿದ್ರೆ ಕೆಡತ್ತೆ, ಇದಕ್ಕೆ ಯಾವ ಉಪಾಯನೂ ಇಲ್ಲ. ಬಿಡಿಬಿಡಿಯಾಗಿ ಒಯ್ಯಬೇಕು. ಪೂರ್ತಿ ಆರಿದ ಟೋಸ್ಟ್ ಪೇಪರಲ್ಲಿ ಸುತ್ತಿ ಒಂದು ಡಬ್ಬಿ, ಚೀಸ್ ಇನ್ನೊಂದು, ಹಣ್ಣು ಟಿಶ್ಯೂ ಹಾಸಿದ ಮೂರನೇದು, ಮೆಣಸು ಉಪ್ಪು ಪೊಟ್ಟಣ. ಟೋಸ್ಟ್ ಬಿಸಿ ಇರುವಾಗ ಡಬ್ಬಿ ಮುಚ್ಚಿದ್ರೆ ಒಳಗೇ ಬೆವರತ್ತೆ. ಮುಳ್ಳಯ್ಯನಗಿರಿ ಕಡೆ ಹೋಗ್ತೀರ ಅಂದ್ರೆ ಹೊರಡುವಾಗ ಚೀಸ್ ಡಬ್ಬಿ ಪಕ್ಕ ಫ್ರೀಜ್ ಮಾಡಿದ ನೀರಿನ ಬಾಟಲಿ ಇಡಿ, ಡಬ್ಬೀನ ಬಟ್ಟೇಲಿ ಸುತ್ತಿ, ಬಾಟಲಿ ಬೆವರು ಟೋಸ್ಟಿಗೆ ತಾಗ್ದಂಗೆ. ನೆಂಟರು ಜಾಸ್ತಿ ಇದ್ರೆ ಎಲ್ರಿಗೂ ಒಟ್ಟಿಗೆ ಮಾಡಿಟ್ಟು ಕರೆಯೋಕೆ ಹೋಗ್ಬೇಡಿ, ಕಾಫಿ ಬಗ್ಗಿಸೋ ಹೊತ್ತಿಗೆ ಮೊದಲನೇದು ಮೆತ್ತಗಾಗಿರತ್ತೆ. ಟೋಸ್ಟು, ಚೀಸು, ಹಣ್ಣು ಟೇಬಲ್ ಮೇಲಿಟ್ಟು "ಹಾಕ್ಕೊಳಿ ಅತ್ತೆ, ನಿಮಗೆ ಬೇಕಾದಷ್ಟು" ಅಂದ್ಬಿಡಿ, ಮೆಣಸಿನ ಕುಟ್ಟಾಣಿ ಮಾತ್ರ ನಿಮ್ಮ ಕೈಯಲ್ಲಿರ್ಲಿ.